ವಾರಸುದಾರರಿಲ್ಲದ ನಾಯಿ

ನಾಯಿ ಹಿಡಿಯುವ ಪೆರುಮಾಳ್ ಹೋದ ವರ್ಷ, ಅಂದರೆ ಅರವತ್ತೇಳರಲ್ಲಿ ತೀರಿಕೊಂಡ. ಎದೆಯ ಕಾಯಿಲೆ ಅಂದರು. ಸಾವಿಗೆ ನಾನೂ ಹೋಗಿದ್ದೆ. ನಮ್ಮ ಕಚೇರಿಯ ಹಳಬರೊಬ್ಬರು ನನ್ನ ಭುಜ ತಟ್ಟಿ, "ಕೋದಂಡಪ್ಪನವರೇ, ಈ ಮನುಷ್ಯನಿಗೆ ನೀವು ಮಾಡಿದ ಉಪಕಾರ ಸಣ್ಣದಲ್ಲ, ಕೆಲಸಕ್ಕೆ ಹಚ್ಚಿದವರೇ ನೀವು" ಅಂದರು. ನಿಂತ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಉಪಕಾರವಂತೆ! ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆಯಿಲ್ಲ. ಅವನ ಬದುಕನ್ನು ಇದ್ದದ್ದು ಇದ್ದ ಹಾಗೆ ಬರೆಯಬೇಕಾದರೆ ನನ್ನ ಮಾನವನ್ನು ಪಕ್ಕಕ್ಕೆ ತೆಗೆದಿಡಬೇಕು. ಇಟ್ಟಿದ್ದೇನೆ.

ಪೆರುಮಾಳ್ ಹುಟ್ಟಿದ್ದು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್‌ನ ಕೂಲಿ ಲೈನಿನ ಸಾಲುಮನೆಯಲ್ಲಿ. ಅಪ್ಪ ಆರ್ಕಾಟು ಕಡೆಯಿಂದ ಬಂದು ಗಣಿಗೆ ಇಳಿದವನು. ಮಗನೂ ಹದಿನೆಂಟಕ್ಕೆ ಇಳಿದ, ಮೂರು ವರ್ಷ ಅದಿರಿನ ತೊಟ್ಟಿ ತಳ್ಳಿದ. ಒಂದು ದಿನ ಒಳಗೆ ಬಂಡೆ ಸಿಡಿಯಿತು. ಪಕ್ಕದಲ್ಲಿ ನಿಂತು ಎಲೆ ಅಡಿಕೆ ಕೇಳುತ್ತಿದ್ದವನು ಮಾತು ಮುಗಿಸುವಷ್ಟರಲ್ಲಿ ಇರಲಿಲ್ಲ. ಮೇಲಕ್ಕೆ ಬಂದ ಪೆರುಮಾಳ್ ಮತ್ತೆ ಕೆಳಗೆ ಇಳಿಯಲಿಲ್ಲ. ಲೈನಿನ ಗಂಡಸರು ಅವನಿಗೆ ಸೀರೆ ಉಡಿಸುತ್ತೇವೆ ಎಂದು ಆಡಿಕೊಂಡರು. ಅವನೇನೂ ಸಿಟ್ಟು ಮಾಡಿಕೊಳ್ಳಲಿಲ್ಲ. "ಸಾವು ಅಂದ್ರೆ ನಂಗೆ ಬಯ ಸಾರ್. ಇದ್ರಲ್ಲಿ ಮುಚ್ಚಿಡೋದು ಏನೈತೆ? ಬಯ ಅಂದ್ರೆ ಬಯ" ಎಂದು ನನ್ನ ಹತ್ತಿರವೂ ಹೇಳಿದ್ದಾನೆ. ಅಷ್ಟು ನೇರವಾಗಿ ಹೆದರುವ ಮತ್ತೊಬ್ಬ ಮನುಷ್ಯನನ್ನು ನಾನು ನೋಡಲಿಲ್ಲ.

ಆಮೇಲೆ ಆಂಡರ್ಸನ್‌ಪೇಟೆಯ ಅಂಗಡಿಗಳಲ್ಲಿ ಮೂಟೆ ಹೊತ್ತ. ಬೀದಿ ನಾಯಿಗಳು ಅವನ ಹಿಂದೆ ಬರುತ್ತಿದ್ದವು. ಅವನು ಹಲ್ಲಿನ ಸಂದಿಯಲ್ಲಿ ಒಂದು ಥರ ಶಿಳ್ಳೆ ಹಾಕಿದರೆ ಎಂಥ ಕಚ್ಚುವ ನಾಯಿಯೂ ಬಾಲ ಇಳಿಸಿ ನಿಲ್ಲುತ್ತಿತ್ತು. ಅದನ್ನು ಕಣ್ಣಾರೆ ಕಂಡೇ ನಾನು ಅವನ ಹೆಸರನ್ನು ಕಚೇರಿಯಲ್ಲಿ ಹೇಳಿದ್ದು.

ಆಗ ನಾನು ಬಂಗಾರಪೇಟೆಗೂ ಗಣಿಗಳಿಗೂ ನಡುವಿನ ಒಂದು ಸಣ್ಣ ಪುರಸಭೆಯಲ್ಲಿ ಗುಮಾಸ್ತ. ಊರಿನ ಹೆಸರು ಬೇಡ, ತಪ್ಪು ನನ್ನದು, ಊರಿನದಲ್ಲ. ಐವತ್ತೈದರಲ್ಲಿ ಹುಚ್ಚು ನಾಯಿಗಳ ಕಾಟ ಹೆಚ್ಚಾಯಿತು. ನಮ್ಮ ಪುರಸಭೆ, ಪಕ್ಕದ ಗಣಿ ಕಡೆಯ ಆಡಳಿತ, ಕಾಮಸಮುದ್ರದ ದಿಕ್ಕಿನ ಒಂದು ಹಳ್ಳಿ ಪಂಚಾಯಿತಿ, ಈ ಮೂವರಲ್ಲಿ ಯಾರಿಗೂ ಒಬ್ಬೊಬ್ಬರೇ ನಾಯಿ ಹಿಡಿಯುವವನನ್ನು ಇಟ್ಟುಕೊಳ್ಳುವ ತಾಕತ್ತಿರಲಿಲ್ಲ. ಮೂವರೂ ಕೂತು ಮಾತಾಡಿ ಒಬ್ಬ ಆಳನ್ನು ಕರಾರಿನ ಮೇಲೆ ಹಿಡಿದರು. ಸಂಬಳದಲ್ಲಿ ಒಬ್ಬೊಬ್ಬರದು ಮೂರನೇ ಒಂದು ಪಾಲು. ಕಬ್ಬಿಣದ ಗೂಡಿನ ಕೈಗಾಡಿ ಒಂದು, ತುದಿಯಲ್ಲಿ ತಂತಿ ಕುಣಿಕೆ ಕಟ್ಟಿದ ಬಿದಿರ ಗಳು ಒಂದು, ಅವೂ ಪಾಲಿನವೇ. ಸೋಮವಾರ ಮಂಗಳವಾರ ಗಣಿ ಕಡೆ, ಬುಧವಾರ ಗುರುವಾರ ನಮ್ಮ ಕಡೆ, ಶುಕ್ರವಾರ ಶನಿವಾರ ಹಳ್ಳಿ ಕಡೆ. ಕರಾರು ಬರೆದವನು ನಾನೇ.

ಅದರಲ್ಲಿ ಒಂದು ಷರತ್ತು ಸೇರಿಸಿದವನೂ ನಾನೇ. ಯಾರ ದಿನವೋ ಅವರ ಎಲ್ಲೆಯೊಳಗೇ ನಾಯಿ ಹಿಡಿಯಬೇಕು, ಎಲ್ಲೆಕಲ್ಲು ದಾಟಬಾರದು. ಪೆರುಮಾಳ್ ಬುಧವಾರ ಒಂದು ನಾಯಿಯ ಹಿಂದೆ ಅರ್ಧ ಮೈಲಿ ಓಡಿ, ಅದು ಕಲ್ಲು ದಾಟಿದ ಕೂಡಲೇ ನಿಂತುಬಿಡುತ್ತಿದ್ದ. ನಾಯಿಯೂ ಆಚೆ ಕೂತು ಇವನನ್ನೇ ನೋಡುತ್ತಿತ್ತು. "ನಾಳಿದ್ದು ನಿನ್ ಕಡೆ ಬತ್ತೀನಿ ಇರು, ರಾಜಾ" ಎಂದು ಅದಕ್ಕೆ ಹೇಳಿ ಗಾಡಿ ತಿರುಗಿಸುತ್ತಿದ್ದ. ನೋಡುವವರಿಗೆ ನಗು. ಅವನಿಗೂ ನಗು.

ಸಾಕಿದ ನಾಯಿಗೆ ಹಿತ್ತಾಳೆಯ ಬಿಲ್ಲೆ ಕಟ್ಟಬೇಕು, ಬಿಲ್ಲೆ ಇಲ್ಲದ್ದೆಲ್ಲ ಬೀದಿ ನಾಯಿ ಎಂದು ಡಂಗುರ ಹೊಡೆಸಿದೆವು. ಬಿಲ್ಲೆ ಕೊಡುವ ಮೇಜು ನನ್ನದು. ಆ ಮೇಜಿನ ಹಿಂದೆ ಕೂತು ನಾನು ಮೆರೆದದ್ದನ್ನು ನೆನೆದರೆ ಈಗ ಮೈ ಹಿಡಿಯಾಗುತ್ತದೆ. ಇಡ್ಲಿ ಮಾರುವ ಅಮ್ಮಾಜಮ್ಮ ಎಂಬ ಒಂಟಿ ಹೆಂಗಸು, ವಾಯಿದೆ ಮುಗಿದ ಮಾರನೆಯ ದಿನ ಬಂದಳು. ಅವಳ ನಾಯಿ ಆಗಲೇ ಗೂಡಿನಲ್ಲಿತ್ತು. "ಜರ ಬಂದು ಮಲ್ಗಿದ್ದೆ ಸಾಮಿ, ಒಂದಿನ ತಡ ಆಯ್ತು" ಎಂದು ಕೈ ಮುಗಿದಳು. ಪೆರುಮಾಳ್ ಹಿಂದೆ ನಿಂತು, "ಬಿಟ್ಬಿಡಿ ಸಾರ್, ಬಿಲ್ಲೆ ಕಾಸು ನಾನೇ ಕೊಡ್ತೀನಿ" ಅಂದ. ನಾನು ತಲೆ ಎತ್ತದೆ, "ಕಾನೂನು ಎಲ್ಲರಿಗೂ ಒಂದೇ" ಅಂದೆ. ಆ ನಾಯಿ ಬದುಕಲಿಲ್ಲ.

ಎಲ್ಲರಿಗೂ ಒಂದೇ! ನನ್ನ ಮನೆಯ ಹಿತ್ತಲಿನಲ್ಲಿ ಜಿಮ್ಮಿ ಇತ್ತು. ಕಂದು ಬಣ್ಣ, ಎಡಗಿವಿ ಅರ್ಧ ಹರಿದ ಗಂಡು ನಾಯಿ. ಅದರ ಕೊರಳಲ್ಲಿ ಬಿಲ್ಲೆ ಇರಲಿಲ್ಲ. ಬಿಲ್ಲೆಗಳ ಡಬ್ಬವೇ ನನ್ನ ಕೈಯಲ್ಲಿರುವಾಗ ಅವಸರವೇನು, ನಾಳೆ ತಂದರಾಯಿತು ಎಂದು ಮೂರು ವರ್ಷ ತಳ್ಳಿದ್ದೆ. ನನ್ನ ಹೆಂಡತಿ ಮುನಿರತ್ನಮ್ಮ ಎರಡು ಸಲ ನೆನಪಿಸಿದಳು. "ನಿನಗೇನು ಗೊತ್ತು ಸುಮ್ಮನಿರು" ಅಂದಿದ್ದೆ.

ಐವತ್ತೆಂಟರ ಫೆಬ್ರವರಿ, ಒಂದು ಗುರುವಾರ. ನಾನು ಕಚೇರಿ ಮುಗಿಸಿ ಮನೆಗೆ ಬಂದರೆ ಮುನಿರತ್ನಮ್ಮ ಬಾಗಿಲಲ್ಲೇ ನಿಂತಿದ್ದಳು.

"ಜಿಮ್ಮಿ ಅಗ್ಗ ಬಿಚ್ಕೊಂಡು ಓಗಿತ್ತು. ಈಗ ಬಂದೈತೆ. ಕತ್ತು ನೋಡಿ."

ಕತ್ತಿನಲ್ಲಿ ಹರಿದ ತಂತಿಯ ಕುಣಿಕೆ. ಬಾಯಿಯ ಸುತ್ತ ಒಣಗಿದ ರಕ್ತ, ಅದರದ್ದಲ್ಲ. ಪೆರುಮಾಳನ ತಂತಿ ನನಗೆ ಗೊತ್ತಿಲ್ಲವೇ, ತರಿಸಿಕೊಟ್ಟವನೇ ನಾನು. ಕುಣಿಕೆ ಬಿಚ್ಚಿ ಬಾವಿಗೆ ಎಸೆದೆ. ಜಿಮ್ಮಿಯನ್ನು ಬಚ್ಚಲ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ಕಟ್ಟಿದೆ. ನಾಳೆ ಬೆಳಿಗ್ಗೆ ಹೋಗಿ ಹೇಳಿಬಿಡುತ್ತೇನೆ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಬೆಳಿಗ್ಗೆ ಕಚೇರಿಯ ಜಗಲಿಯಲ್ಲಿ ಪೆರುಮಾಳ್ ಕೂತಿದ್ದ. ಬಲಗೈ ಮೊಣಕೈವರೆಗೂ ಬಟ್ಟೆ ಸುತ್ತಿತ್ತು, ಮುಖ ಬೂದಿಯಾಗಿತ್ತು. ಪಕ್ಕದಲ್ಲಿ ಅವನ ಹೆಂಡತಿ ಕದಿರಮ್ಮ, ತುಂಬಿದ ಬಸುರಿ. ಆರೋಗ್ಯದ ಇನ್‌ಸ್ಪೆಕ್ಟರ್ ಜಯರಾಮಪ್ಪನವರು ಅವನನ್ನು ಕೇಳುತ್ತಿದ್ದರು.

"ಎಂಥ ನಾಯಿ?"

"ಕಂದು ಸಾರ್. ಒಂದು ಕಿವಿ ಅರ್ದ ಇಲ್ಲ. ತಿಂದು ಚೆನ್ನಾಗಿತ್ತು. ಕುಣಿಕೆ ಬಿತ್ತು, ಕಲ್ಲತ್ರ ಬಂದು ತಿರುಗಿ ಕಚ್ತು, ತಂತಿ ಕಿತ್ಕೊಂಡು ಓಯ್ತು."

"ಬಿಲ್ಲೆ ಇತ್ತೋ?"

"ಇಲ್ಲ ಸಾರ್."

"ನೋಡಯ್ಯ, ಡಾಕ್ಟರು ಹೇಳಿದ್ದು ಇಷ್ಟು. ಆ ನಾಯಿ ಸಿಕ್ಕಿದರೆ ಹತ್ತು ದಿನ ಕಟ್ಟಿ ನೋಡುವುದು. ಹತ್ತು ದಿನ ನೆಟ್ಟಗಿದ್ದರೆ ಅದಕ್ಕೆ ಹುಚ್ಚಿಲ್ಲ, ನಿನಗೂ ಭಯವಿಲ್ಲ, ಸೂಜಿ ನಿಲ್ಲಿಸಬಹುದು. ಸಿಗದಿದ್ದರೆ ಹೊಟ್ಟೆಗೆ ಹದಿನಾಲ್ಕು ಸೂಜಿ, ದಿನಕ್ಕೊಂದು. ಯಾರೋ ಬಿಲ್ಲೆ ಇಲ್ಲದೆ ಕದ್ದು ಸಾಕಿದ್ದಾನೆ. ಅವನು ಸಿಗಲಿ, ಮಾನ ಹರಾಜು ಹಾಕುತ್ತೇನೆ. ಏನಂತೀರಿ ಕೋದಂಡಪ್ಪ?"

ಬಿಲ್ಲೆ ಕೊಡುವ ಗುಮಾಸ್ತನ ನಾಯಿಗೇ ಬಿಲ್ಲೆ ಇಲ್ಲ ಎಂದು ಇಡೀ ಪೇಟೆ ನಗುವುದು ಕಣ್ಣ ಮುಂದೆ ಬಂತು. ಅಮ್ಮಾಜಮ್ಮ ಇಡ್ಲಿ ಪಾತ್ರೆ ಇಳಿಸಿ ನಗುವುದೂ ಬಂತು.

"ಹೌದು ಸಾರ್, ಬಿಡಬಾರದು" ಅಂದೆ.

ಅಷ್ಟೇ. ಒಂದು ಮಾತು. ಅದಾದ ಮೇಲೆ ಹಿಂದಕ್ಕೆ ಬರುವ ದಾರಿ ದಿನದಿನಕ್ಕೂ ಕಿರಿದಾಗುತ್ತ ಹೋಯಿತು.

ಔಷಧದ ಖರ್ಚು, ಹದಿನಾಲ್ಕು ದಿನದ ಕೂಲಿ ಯಾರು ಕೊಡಬೇಕು ಎಂದು ಶನಿವಾರ ಮೂರೂ ಕಡೆಯವರು ಸೇರಿದರು. ನಡಾವಳಿ ಬರೆಯಲು ನಾನು. ಕಚ್ಚಿದ್ದು ಮೂರೂ ಎಲ್ಲೆ ಕೂಡುವ ಕಲ್ಲಿನ ಬುಡದಲ್ಲೇ ಆದ್ದರಿಂದ ಜಗಳ ಶುರುವಾಯಿತು. ಆಳಿನ ಕಾಲು ನಿಮ್ಮ ಕಡೆ ಇತ್ತು, ಕೈ ಮಾತ್ರ ನಮ್ಮ ಕಡೆ ಚಾಚಿತ್ತು ಎಂದು ಗಣಿ ಕಡೆಯವರೊಬ್ಬರು ಅಂದರು. ಪಂಚಾಯಿತಿಯ ದೊಡ್ಡವೆಂಕಟಪ್ಪ ಮೇಜು ಕುಟ್ಟಿ, "ನಮ್ ಕಡೆ ನಾಯಿ ಓಡಿ ಬಂದೈತೆ, ಅಷ್ಟೇ ಕಣ್ರಪ್ಪ. ಓಡಿ ಬಂದಿದ್ದಕ್ಕೂ ಪಾಲು ಕೇಳ್ತೀರಾ?" ಅಂದ. ಎಲ್ಲರೂ ನಕ್ಕರು. ಪೆರುಮಾಳ್ ಬಾಗಿಲ ಹೊರಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದ, ಅವತ್ತು ಎರಡನೆಯ ಸೂಜಿ ಆಗಿತ್ತು.

ಕೊನೆಗೆ ನಮ್ಮ ಅಧ್ಯಕ್ಷರು, "ನಾಯಿಗೆ ಯಜಮಾನ ಇದ್ದರೆ ಎಲ್ಲ ಖರ್ಚೂ ಅವನ ತಲೆಗೆ. ಇಲ್ಲದಿದ್ದರೆ ಸಂಬಳದ ಹಾಗೆ ಮೂರು ಪಾಲು. ಕೋದಂಡಪ್ಪ, ನಿಮ್ಮ ರಿಜಿಸ್ಟರಿನಲ್ಲಿ ಅಂಥ ನಾಯಿ ಇದೆಯೇ?" ಎಂದು ಕೇಳಿದರು.

"ಇಲ್ಲ" ಅಂದೆ. ಸುಳ್ಳಲ್ಲ ನೋಡಿ! ನನ್ನ ನಾಯಿ ರಿಜಿಸ್ಟರಿನಲ್ಲಿ ಎಲ್ಲಿತ್ತು? ಥೂ, ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ. "ವಾರಸುದಾರರಿಲ್ಲದ ನಾಯಿ" ಎಂದು ನನ್ನ ದುಂಡು ಅಕ್ಷರದಲ್ಲಿ ಬರೆದೆ. ಮೂವರೂ ರುಜು ಹಾಕಿದರು.

ಸೂಜಿಯೆಂದರೆ ತೋಳಿಗೆ ಚುಚ್ಚುವ ಸಣ್ಣದಲ್ಲ. ಅಂಗೈ ಉದ್ದದ್ದು, ಹೊಕ್ಕುಳ ಸುತ್ತ. ನಾಲ್ಕು ಆಗುವಷ್ಟರಲ್ಲಿ ಅವನ ಹೊಟ್ಟೆ ಗಂಟುಗಂಟಾಗಿ ಕೆಂಪೇರಿತು, ಪಂಚೆ ಕಟ್ಟಲು ಆಗದೆ ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದ. ಆ ಸ್ಥಿತಿಯಲ್ಲಿ ಗಂಡ ಹೆಂಡತಿ ನಾಯಿ ಹುಡುಕುತ್ತಿದ್ದರು. ಒಂದು ದಿನ ಆಂಡರ್ಸನ್‌ಪೇಟೆ, ಒಂದು ದಿನ ಹಳ್ಳಿಯ ಹೊಲಗಳು, ಒಂದು ದಿನ ಗಣಿಯ ಮಣ್ಣಿನ ದಿಬ್ಬಗಳ ಹಿಂದೆ. ಆರು ವರ್ಷದ ಮಗು ಕಳೆದುಕೊಂಡವರು ಹುಡುಕುವ ಹಾಗೆ ಕಂಡವರನ್ನೆಲ್ಲ ಕೇಳುತ್ತಿದ್ದರು. ಸಂಜೆ ಕಚೇರಿ ಮುಂದೆ ಹಾದುಹೋಗುವಾಗ ನಾನು ಕೇಳುತ್ತಿದ್ದೆ:

"ಸಿಕ್ಕಿತೇನಯ್ಯ?"

"ಇಲ್ಲ ಸಾರ್. ನಾಳೆ ಸಿಗ್ತೈತೆ."

ಹಾಗೆ ಕೇಳಿದೆ. ಒಂದು ದಿನವಲ್ಲ, ದಿನವೂ ಕೇಳಿದೆ. ಕೇಳದಿದ್ದರೆ ಅನುಮಾನ ಬಂದೀತು ಎಂದು ಕೇಳಿದೆ. ಮನೆಗೆ ಬಂದು ಕೊಟ್ಟಿಗೆಯ ಬಾಗಿಲು ತೆಗೆದರೆ ಜಿಮ್ಮಿ ಕುಣಿದು ಮೈಮೇಲೆ ಬರುತ್ತಿತ್ತು. ಹತ್ತನೆಯ ದಿನ ಅದು ಒಂದು ಇಡೀ ರಾಗಿ ಮುದ್ದೆ ತಿಂದು, ತಟ್ಟೆ ನೆಕ್ಕಿ, ಬಾಲ ಅಲ್ಲಾಡಿಸಿತು. ನೆಟ್ಟಗಿತ್ತು. ಅಷ್ಟು ನೆಟ್ಟಗಿರುವ ನಾಯಿ ಮೂರು ಎಲ್ಲೆಯಲ್ಲೂ ಇರಲಿಲ್ಲ. ಅವನಿಗೆ ಇನ್ನು ನಾಲ್ಕೈದು ಸೂಜಿ ಬಾಕಿ. ಈಗಲಾದರೂ ಹೇಳಿ ಎಂದು ಮುನಿರತ್ನಮ್ಮ ಕಾಲು ಹಿಡಿದಳು. "ಇಷ್ಟು ದಿನ ಯಾಕೆ ಹೇಳಲಿಲ್ಲ ಅಂತ ಕೇಳಿದರೆ ಏನು ಹೇಳಲಿ? ಹೇಗೂ ಔಷಧ ಆಗುತ್ತಿದೆಯಲ್ಲ, ಮುಗಿದುಹೋಗಲಿ" ಅಂದೆ. ಮುಗಿಯಿತು. ಹದಿನಾಲ್ಕೂ ಮುಗಿಯಿತು.

ನನ್ನ ಲೆಕ್ಕದಲ್ಲಿ ಮುಗಿದದ್ದು, ಅವನ ಲೆಕ್ಕದಲ್ಲಿ ಮುಗಿದಿರಲಿಲ್ಲ. ನಾಯಿ ಸಿಗಲಿಲ್ಲವೆಂದರೆ ಹುಚ್ಚಾಗಿ ಸತ್ತಿರಬೇಕು, ವಿಷ ಮೂರು ಅಮಾವಾಸ್ಯೆ ಮೈಯಲ್ಲಿ ಇರುತ್ತದೆ, ಯಾವ ಅಮಾವಾಸ್ಯೆಯಲ್ಲಾದರೂ ಏರಬಹುದು ಎಂದು ಲೈನಿನ ಮುದುಕರು ಅವನ ಕಿವಿಯಲ್ಲಿ ಊದಿದ್ದರು. ಡಾಕ್ಟರು ಇಲ್ಲವೆಂದರೂ ಅವನು ನಂಬಲಿಲ್ಲ. ಸಾವಿಗೆ ಹೆದರುವವನು, ಅದರಲ್ಲೂ ಬೊಗಳುತ್ತ ಸಾಯುವ ಸಾವು. ಕೆಲಸಕ್ಕೆ ಮರಳಿ ಬಂದ, ಆದರೆ ಶಿಳ್ಳೆ ನಿಂತುಹೋಗಿತ್ತು. ನೀರಿನ ಚೊಂಬು ಎತ್ತಿದಾಗಲೆಲ್ಲ ಕೈ ನಡುಗುತ್ತದೆಯೇ ಎಂದು ತಾನೇ ನೋಡಿಕೊಳ್ಳುತ್ತಿದ್ದ. ನಾನು ಕಿಟಕಿಯಿಂದ ಅದನ್ನು ನೋಡುತ್ತಿದ್ದೆ, ನೋಡಿ ಕಡತ ತಿರುವುತ್ತಿದ್ದೆ.

ಎರಡನೆಯ ಅಮಾವಾಸ್ಯೆ ಕಳೆದು ನಾಲ್ಕು ದಿನಕ್ಕೆ ಮುನಿರತ್ನಮ್ಮ ಆಂಡರ್ಸನ್‌ಪೇಟೆಯ ಅಂಗಡಿಗೆ ಹೋಗಿ ಬಂದಳು. ಚೀಲ ನೆಲಕ್ಕೆ ಕುಕ್ಕಿದಳು.

"ಕದಿರಮ್ಮ ಸಿಕ್ಕಿದ್ಲು. ಎಣ್ಣು ಮಗು ಉಟ್ಟಿ ತಿಂಗಳಾಯ್ತಂತೆ. ಅಪ್ಪ ಅನ್ನಿಸ್ಕೊಂಡೋನು ಒಂದ್ಸಲನೂ ಎತ್ಕೊಂಡಿಲ್ಲ. ಮನೆ ಒಳಕ್ಕೇ ಬರಲ್ವಂತೆ. ನನ್ ಎಂಜಲು, ನನ್ ಉಸುರು ಕೂಸಿಗೆ ತಾಕಬಾರ್ದು ಅಂತ ಗಾಡಿ ಸೆಡ್ಡಲ್ಲಿ ಮಲಗ್ತಾನಂತೆ. ಓದ ಅಮಾಸೆ ದಿನ ಏನ್ ಮಾಡ್ದ ಗೊತ್ತಾ? ಆ ನಾಯಿ ಗೂಡೊಳಗೆ ತಾನೇ ಓಗಿ ಕೂತ್ಕಂಡು, ಕದಿರಮ್ಮನ ಕೈಲಿ ಬೀಗ ಆಕಿಸ್ಕೊಂಡ್ನಂತೆ. ಉಚ್ಚು ಏರಿದ್ರೆ ಯಾರನ್ನೂ ಕಚ್ಚಬಾರ್ದು ಅಂತ."

ನಾನು ನೆಲದ ಚೀಲ ಎತ್ತಿ ಗೋಡೆಗೆ ಒರಗಿಸಿಟ್ಟೆ.

"ನೀವು ಕರ್ಕೊಂಡು ಬಂದು ನಾಯಿ ತೋರಿಸ್ತೀರಾ, ನಾನೇ ಜಿಮ್ಮೀನ ಇಡ್ಕೊಂಡು ಬೀದೀಲಿ ಓಗ್ಲಾ? ಈಗ್ಲೇ ಯೋಳಿ."

ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅವಳು ನನ್ನ ಮೇಲೆ ದನಿ ಎತ್ತಿದ್ದು ಅದೇ ಮೊದಲು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಇಲ್ಲಿಯಾದರೂ ಗಂಡಸಾಗಿ ನಡೆದುಕೊಂಡೆ ಎಂದು ಬರೆಯಲು ಕೈ ತವಕಿಸುತ್ತದೆ. ಇಲ್ಲ. ಗಾಡಿ ಶೆಡ್ಡಿನ ಮುಂದೆ ನಿಂತು, "ಪೆರುಮಾಳ್, ನಮ್ಮ ಹಿತ್ತಲಲ್ಲಿ ಕಸ ತುಂಬಿದೆ, ಬಂದು ಸ್ವಲ್ಪ ತೆಗೆದುಕೊಡು" ಅಂದೆ. ಅವನಾಗಿ ನೋಡಲಿ, ನನ್ನ ಬಾಯಿಂದ ಬರುವುದು ಬೇಡ ಎಂಬ ಲೆಕ್ಕ. ಅಲ್ಲಿಯವರೆಗೂ ಅವನನ್ನು ನಾವು ಹಿತ್ತಲಿಗೂ ಬಿಟ್ಟುಕೊಂಡವರಲ್ಲ. ಅವನ ಜಾತಿ, ಅವನ ಕೆಲಸ, ಎರಡೂ ನಮಗೆ ಆಗದು. ಅವನು ಯಾಕೆ ಎಂದು ಕೇಳದೆ ಪೊರಕೆ ತೆಗೆದುಕೊಂಡು ಹಿಂದೆ ಬಂದ.

ಮುನಿರತ್ನಮ್ಮ ಜಿಮ್ಮಿಯನ್ನು ಕೊಟ್ಟಿಗೆಯಿಂದ ತಂದು ಬಾವಿಕಟ್ಟೆಯ ಕಂಬಕ್ಕೆ ಕಟ್ಟಿದ್ದಳು. ಬೆಳಗಿನ ಬಿಸಿಲು ಅದರ ಮೈಮೇಲೆ ಬಿದ್ದಿತ್ತು. ಪೆರುಮಾಳ್ ಹಿತ್ತಲ ಬಾಗಿಲು ದಾಟಿದವನು ಅಲ್ಲೇ ನಿಂತ. ಕೈಯಿಂದ ಪೊರಕೆ ಬಿತ್ತು. ಅವನು ನನ್ನ ಮೇಲೆ ಬೀಳುತ್ತಾನೆ, ಬೈಯುತ್ತಾನೆ, ಉಗಿಯುತ್ತಾನೆ ಎಂದು ನಾನು ಗೋಡೆಗೆ ಒರಗಿ ಕಾದೆ. ಉಗಿದಿದ್ದರೆ ಒರೆಸಿಕೊಳ್ಳುತ್ತಿರಲಿಲ್ಲ, ಅಷ್ಟಾದರೂ ನನಗೆ ಬುದ್ಧಿ ಬಂದಿತ್ತು.

ಅವನು ನನ್ನ ಕಡೆ ನೋಡಲೇ ಇಲ್ಲ. ನಾಯಿಯ ಮುಂದೆ ಮಂಡಿಯೂರಿದ. ಹರಿದ ಕಿವಿ ಮುಟ್ಟಿ ನೋಡಿದ. ಕತ್ತಿನ ರೋಮ ಸರಿಸಿ ತಂತಿಯ ಗಾಯದ ಗುರುತು ನೋಡಿದ. ಬಾಯಿ ಬಿಡಿಸಿ ನಾಲಿಗೆ ನೋಡಿದ. ಆಮೇಲೆ ಅದರ ಕತ್ತು ತಬ್ಬಿಕೊಂಡು ಗೊಳೋ ಎಂದು ಅತ್ತ.

"ಬದುಕಿದೀಯಾ ರಾಜಾ? ಕಡವುಳೇ, ದೇವ್ರೇ, ನೀನು ಬದುಕಿದೀಯಾ! ಸಾರ್, ನೋಡಿ ಸಾರ್, ಸತ್ತಿಲ್ಲ ಸಾರ್ ಇದು! ಉಚ್ಚಿಲ್ಲ ಇದಕ್ಕೆ! ಅಂಗಂದ್ರೆ ನಂಗೂ ಏನೂ ಇಲ್ಲ!"

ಅವನಿಗೆ ಆ ನಾಯಿ ಅಲ್ಲಿಗೆ ಹೇಗೆ ಬಂತು, ಯಾರದು, ಎಷ್ಟು ದಿನದಿಂದ ಇದೆ, ಒಂದೂ ಹೊಳೆಯಲಿಲ್ಲ. ನಾನು ಹುಡುಕಿಸಿ ಹಿಡಿಸಿದ್ದೇನೆ ಅಂದುಕೊಂಡನೋ ಏನೋ, ತಿರುಗಿ ನನ್ನ ಕಾಲಿಗೆ ಬಿದ್ದ. ಒದೆ ತಿಂದಿದ್ದರೆ ನಾನು ಅಷ್ಟು ಕುಗ್ಗುತ್ತಿರಲಿಲ್ಲ.

"ಏಳಯ್ಯ, ಏಳು. ಅದು ನನ್ನದೇ ನಾಯಿ" ಅಂದೆ. ಕೊನೆಗೂ ಅಂದೆ.

"ಯಾರ್ದಾದ್ರೂ ಆಗ್ಲಿ ಸಾರ್, ಬದುಕೈತಲ್ಲ" ಅಂದ. ಕೇಳಿಸಿಕೊಂಡನೋ ಇಲ್ಲವೋ. ಹಗ್ಗ ಬಿಚ್ಚುತ್ತಿದ್ದ. "ಒಂದ್ಸಲ ಮನೆಗೆ ಕರ್ಕೊಂಡು ಓಗಿ ಬತ್ತೀನಿ ಸಾರ್. ಕದಿರಮ್ಮ ಕಣ್ಣಲ್ಲಿ ನೋಡ್ಬೇಕು, ಇಲ್ಲಾಂದ್ರೆ ನಂಬಲ್ಲ ಅವಳು."

ಜಿಮ್ಮಿಯನ್ನು ಹಿಡಿದು ಅವನು ಹೊರಟ. ನಾನೂ ಹಿಂದೆ ಹೊರಟೆ. ನಡುಬೀದಿಯಲ್ಲಿ, ಎಲ್ಲರೂ ನೋಡುವಾಗ, ಎಡಗಿವಿ ಹರಿದ ಕಂದು ನಾಯಿ ಮುಂದೆ, ಅವನು ಅದರ ಹಿಂದೆ, ನಾನು ಅವನ ಹಿಂದೆ. ಇಡ್ಲಿ ಪಾತ್ರೆಯ ಮುಂದೆ ಕೂತಿದ್ದ ಅಮ್ಮಾಜಮ್ಮ ನಾಯಿಯನ್ನೂ ನೋಡಿದಳು, ನನ್ನನ್ನೂ ನೋಡಿದಳು. ಜಯರಾಮಪ್ಪನವರ ಕಿವಿಗೆ ಅವತ್ತೇ ಮುಟ್ಟಿತು. ಮೂರು ಕಡೆಯ ಖರ್ಚನ್ನೂ ನಾನು ಕಟ್ಟಿದೆ, ಮೇಜು ಕೈ ತಪ್ಪಿತು. ಅದೆಲ್ಲ ಆಮೇಲಿನ ಮಾತು. ಅದರಿಂದ ನನಗೆ ಅಂಥ ನೋವಾಗಲಿಲ್ಲ.

ಲೈನಿನ ಬಾಗಿಲಲ್ಲಿ ಕದಿರಮ್ಮ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಪೆರುಮಾಳ್ ದೂರದಿಂದಲೇ ಕೂಗಿದ. ಹಗ್ಗವನ್ನು ನನ್ನ ಕೈಗೆ ಕೊಟ್ಟು, ತೊಟ್ಟಿಯ ನೀರಲ್ಲಿ ಕೈ ಮುಖ ತೊಳೆದು, ಪಂಚೆಯಲ್ಲಿ ಒರೆಸಿ, ತಿಂಗಳ ಮೇಲಾದ ಮಗಳನ್ನು ಮೊದಲ ಸಲ ಎತ್ತಿಕೊಂಡ. ಹಿಡಿಯಲು ಬರಲಿಲ್ಲ ಅವನಿಗೆ, ತಲೆ ಜೋತುಬಿತ್ತು. ನಗುತ್ತ, ಅಳುತ್ತ ಒಳಕ್ಕೆ ಹೋದ.

ಹೊರಗೆ ಉಳಿದದ್ದು ಕದಿರಮ್ಮ, ನಾನು, ನಾಯಿ. ಅವಳು ನಾಯಿಯನ್ನು ಮೊದಲಿಂದ ಕೊನೆವರೆಗೆ ನೋಡಿದಳು. ಅದರ ತುಂಬಿದ ಮೈ ನೋಡಿದಳು, ಎಣ್ಣೆ ಹಚ್ಚಿದ ಹಾಗೆ ಹೊಳೆಯುವ ರೋಮ ನೋಡಿದಳು, ನನ್ನ ಕಾಲಿಗೆ ಮೈ ಉಜ್ಜುತ್ತಿರುವುದನ್ನು ನೋಡಿದಳು. ಅವಳಿಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವ ಹಾಗೆ ಕೇಳಿದಳು.

"ಆ ಅದಿನಾಲ್ಕು ದಿನ ನೀವು ಊಟ ಮಾಡಿದ್ರಾ ಸಾರ್?"

ಮಾಡಿದ್ದೆ. ಒಂದು ಹೊತ್ತೂ ಬಿಟ್ಟಿರಲಿಲ್ಲ.

"ಮಾಡಿದೆ, ತಾಯಿ" ಅಂದೆ.